ಅಚ್ಚುಕಟ್ಟುತನವೂ ಚುರುಕುತನವೂ

ಕಲಾ ಕಾಲೇಜಿನ ವಿದ್ಯಾರ್ಥಿಯೊಬ್ಬನು ಜಾಲತಾಣಗಳ ಕೋಡನ್ನು ಕುರಿತು ಬರೆಯಹೊರಟರೆ ಅದನ್ನು ಅಧಿಕಪ್ರಸಂಗವೆಂದು ಭಾವಿಸುವವರು ನಮ್ಮಲ್ಲಿ ಕೆಲವರಾದರೂ ಇರಬಹುದು. ವಾರ್ಷಿಕ ಸಂಚಿಕೆಗೆ ಲೇಖನ ಕೊಡೆಂದು ಗುರುಗಳು ಕೇಳಿದಾಗ ಅವರು ನನ್ನಿಂದ ನಿರೀಕ್ಷಿಸಿದುದು ಕಲ್ಯಾಣದ ಚಾಲುಕ್ಯರನ್ನು ಕುರಿತೋ, ಜಲಸಂಗ್ವಿಯ ಶಿಲಾಬಾಲಿಕೆಯನ್ನು ಕುರಿತೋ ಒಂದು ಬರಹವನ್ನು. ನಾನು ಇತಿಹಾಸದ ವಿದ್ಯಾರ್ಥಿ. ಅವರ ನಿರೀಕ್ಷೆ ತಪ್ಪಲ್ಲ. ಆದರೆ ಆ ವಿಷಯಗಳನ್ನು ನನಗಿಂತ ಚೆನ್ನಾಗಿ ಬರೆಯಬಲ್ಲ ಮಿತ್ರರು ಇದೇ ತರಗತಿಯಲ್ಲಿದ್ದಾರೆ. ನನ್ನ ಪಾಲಿಗೆ ಬಂದ ಅನುಭವ ಬೇರೆ. ಅದನ್ನು ಬರೆಯದೆ ಬಿಟ್ಟರೆ ನನ್ನ ಮನಸ್ಸಿಗೆ ಸಮಾಧಾನವಿಲ್ಲ. ಗುರುಗಳು 'ಸರಿ, ಬರೆ. ಆದರೆ ನಮಗೂ ತಿಳಿಯುವಂತೆ ಬರೆ' ಎಂದು ಅಪ್ಪಣೆ ಕೊಟ್ಟಿದ್ದಾರೆ.

ನನ್ನ ಮನೆ ಹುಮನಾಬಾದಿನಲ್ಲಿ, ಕಾಲೇಜು ಬಸವಕಲ್ಯಾಣದಲ್ಲಿ. ಬೆಳಿಗ್ಗೆ ಸರಕಾರಿ ಬಸ್ಸಿನಲ್ಲಿ ರಾಜೇಶ್ವರವನ್ನು ದಾಟಿ ಬಂದು, ಸಂಜೆ ಅದೇ ದಾರಿಯಲ್ಲಿ ಹಿಂದಿರುಗುವುದು ನನ್ನ ದಿನಚರಿ. ರಜಾದಿನಗಳಲ್ಲಿಯೂ ಸಂಜೆಯ ಹೊತ್ತಿನಲ್ಲಿಯೂ ಹುಮನಾಬಾದಿನ ಒಂದು ಆನ್‌ಲೈನ್ ಅಂಗಡಿಯಲ್ಲಿ ಕುಳಿತು ಅರ್ಜಿಗಳನ್ನು ತುಂಬಿಕೊಡುತ್ತೇನೆ. ಝೆರಾಕ್ಸ್, ಪಾಸ್‌ಪೋರ್ಟ್ ಫೋಟೊ, ಪಹಣಿ, ಜಾತಿ ಮತ್ತು ಆದಾಯದ ಪ್ರಮಾಣಪತ್ರ, ವಿದ್ಯಾರ್ಥಿವೇತನ, 371(ಜೆ) ಕಲಮಿನ ಅರ್ಹತಾಪತ್ರ, ಹೀಗೆ ಮನುಷ್ಯನಿಗೆ ಸರಕಾರದೊಡನೆ ಎಷ್ಟು ಬಗೆಯ ಸಂಬಂಧಗಳುಂಟೋ ಅವೆಲ್ಲವೂ ಆ ಹತ್ತಡಿಯ ಅಂಗಡಿಯಲ್ಲಿ ಹಾದುಹೋಗುತ್ತವೆ.

ಅಲ್ಲಿ ದಿನಕ್ಕೆ ಇಪ್ಪತ್ತು ಸಲವಾದರೂ ಕೇಳಿಬರುವ ಮಾತು ಒಂದುಂಟು: 'ಸರ್ವರ್ ಇಲ್ಲ'. ಈ ಮಾತು ನಮ್ಮ ಕಡೆಯ ಕನ್ನಡದಲ್ಲಿ ಈಗ ಎಷ್ಟು ಬೇರೂರಿದೆಯೆಂದರೆ, ಒಮ್ಮೆ ಪಹಣಿಗೆಂದು ಎರಡು ದಿನ ತಿರುಗಿದ ಮುದುಕಿಯೊಬ್ಬಳು ನನ್ನನ್ನು ತಡೆದು, 'ತಮ್ಮಾ, ನಿನ್ನೆನೂ ಸರ್ವರ್ ಇಲ್ಲ ಅಂದಿ, ಇವತ್ತೂ ಇಲ್ಲ ಅಂತಿ. ಆ ಸರ್ವರ್ ಅನ್ನಾಂವ ಯಾ ಊರಾಂವ ಅದಾನ? ಅವನ ಮನಿಗೇ ಹೋಗಿ ಕೇಳ್ತೀನಿ' ಎಂದಳು. ಅಂಗಡಿಯಲ್ಲಿದ್ದವರೆಲ್ಲ ನಕ್ಕರು, ನಾನೂ ನಕ್ಕೆ. ಆದರೆ ಆಯಿಯ ಪ್ರಶ್ನೆಯಲ್ಲಿ ನ್ಯಾಯವಿತ್ತು. ಎಲ್ಲ ತಪ್ಪನ್ನೂ ಕಾಣದ ಊರಿನ ಸರ್ವರಿನ ತಲೆಗೆ ಕಟ್ಟುವ ನಾವು, ಆ ಪುಟವೇ ಹೇಗೆ ಕಟ್ಟಲ್ಪಟ್ಟಿದೆ, ಅದು ನಮ್ಮ ಫೋನಿಗೆ ಬರುವಾಗ ಏನೇನನ್ನು ಹೊತ್ತುಕೊಂಡು ಬರುತ್ತದೆ ಎಂದು ಕೇಳುವುದೇ ಇಲ್ಲ. ನಾನೂ ಕೇಳಿರಲಿಲ್ಲ, ಸ್ವತಃ ಒಂದು ಪುಟವನ್ನು ಕಟ್ಟಿ ಕೈ ಸುಟ್ಟುಕೊಳ್ಳುವವರೆಗೆ.

ಅದು ಹೀಗಾಯಿತು. ವಿದ್ಯಾರ್ಥಿವೇತನದ ಕಾಲದಲ್ಲಿ ಹಳ್ಳಿಗಳಿಂದ ಬರುವ ಹುಡುಗ ಹುಡುಗಿಯರು ಒಂದಿಲ್ಲೊಂದು ಕಾಗದವನ್ನು ಮರೆತು ಬರುತ್ತಾರೆ. ಅವರನ್ನು ಹಿಂದಿರುಗಿಸುವಾಗ ನನಗೆ ಸಂಕಟವಾಗುತ್ತಿತ್ತು. ಯಾವ ಯೋಜನೆಗೆ ಯಾವ ಯಾವ ಕಾಗದ ಬೇಕು, ಕಡೆಯ ದಿನ ಯಾವುದು ಎಂಬುದನ್ನು ಊರಿನಲ್ಲಿಯೇ ಕುಳಿತು ಫೋನಿನಲ್ಲಿ ನೋಡಿಕೊಂಡು ಬರುವಂತಾದರೆ ಒಳ್ಳೆಯದಲ್ಲವೇ ಎಂದು ಮಾಲಕರಿಗೆ ಹೇಳಿದೆ. ಅವರು ಒಪ್ಪಿದರು. ಕಾಲೇಜಿನಲ್ಲಿ ಐಚ್ಛಿಕವಾಗಿ ಕಲಿತ ಕಂಪ್ಯೂಟರ್ ಪಾಠವೂ ಯೂಟ್ಯೂಬಿನ ಉಪದೇಶವೂ ನನ್ನ ಬಂಡವಾಳ.

ಆ ಉಪದೇಶಗಳಲ್ಲಿ ಮೊದಲನೆಯದು ಅಚ್ಚುಕಟ್ಟುತನ. ಕೋಡನ್ನು ಒಂದೇ ಕಡತದಲ್ಲಿ ತುರುಕಬಾರದು. ಒಂದೊಂದು ಕೆಲಸಕ್ಕೆ ಒಂದೊಂದು ಕಡತವಿರಬೇಕು. ನಾನು ಶಿಷ್ಯಭಾವದಿಂದ ಪಾಲಿಸಿದೆ. ತಲೆಬರಹಕ್ಕೊಂದು, ದಿನಾಂಕಕ್ಕೊಂದು, ಪಟ್ಟಿಗೊಂದು, ಭಾಷೆಗೊಂದು, ಗುಂಡಿಗೊಂದು ಎಂದು ಒಟ್ಟು 23 ಕಡತಗಳಾದವು. ಅವುಗಳನ್ನು ನೋಡಿದರೆ ನಮ್ಮ ಗ್ರಂಥಾಲಯದ ಬೀರುವಿನಲ್ಲಿ ಸಾಲಾಗಿ ಜೋಡಿಸಿದ ಪುಸ್ತಕಗಳನ್ನು ನೋಡಿದಷ್ಟು ಸಂತೋಷ. ಅಂಗಡಿಯ ಕಂಪ್ಯೂಟರಿನಲ್ಲಿ ಪುಟವು ಕಣ್ಣು ಮಿಟುಕಿಸುವುದರೊಳಗೆ ತೆರೆಯಿತು. ಹೆಮ್ಮೆಯಿಂದ ಹುಮನಾಬಾದಿನ ಬಸ್‌ಸ್ಟ್ಯಾಂಡಿಗೆ ಹೋಗಿ, ಅಲ್ಲಿ ಕುಳಿತಿದ್ದ ಪರಿಚಯದ ಹುಡುಗನ ಹಳೆಯ ಫೋನಿನಲ್ಲಿ ತೆರೆದು ತೋರಿಸಹೋದೆ. ಬಿಳಿಯ ಪರದೆ. ಮನಸ್ಸಿನಲ್ಲಿ ಎಣಿಸತೊಡಗಿದೆ, ಹನ್ನೆರಡು ಎಣಿಸುವಷ್ಟರಲ್ಲಿ ಪುಟ ಬಂತು. ಅಷ್ಟರಲ್ಲಿ ಅವನು 'ಸರ್ವರ್ ಇಲ್ಲ ಕಾಣಿಸ್ತದ' ಎಂದುಬಿಟ್ಟಿದ್ದ.

ಏಕೆ ಹೀಗೆ? ಇಲ್ಲಿ ಸ್ವಲ್ಪ ತಾಳ್ಮೆಯಿಂದ ಓದಬೇಕೆಂದು ವಾಚಕರಲ್ಲಿ ಬಿನ್ನಹ. ನಮ್ಮ ಕಚೇರಿಗಳ ಅನುಭವ ನಿಮಗೆಲ್ಲ ಉಂಟು. ಒಂದು ಕಚೇರಿಗೆ ಹೋದರೆ 'ಇದಕ್ಕೆ ಮತ್ತೊಂದು ಕಾಗದ ಬೇಕು, ಆ ಕಚೇರಿಯಿಂದ ತನ್ನಿ' ಎನ್ನುತ್ತಾರೆ. ಅಲ್ಲಿಗೆ ಹೋದ ಮೇಲೆಯೇ ತಿಳಿಯುವುದು, ಅದಕ್ಕೆ ಮೂರನೆಯದೊಂದು ಬೇಕೆಂದು. ಮೂರೂ ಕಾಗದಗಳ ಹೆಸರನ್ನು ಮೊದಲ ದಿನವೇ ಹೇಳಿದ್ದರೆ ಒಂದೇ ಸುತ್ತಿನಲ್ಲಿ ಆಗುತ್ತಿದ್ದ ಕೆಲಸಕ್ಕೆ ಮೂರು ದಿನ ಹಿಡಿಯುತ್ತದೆ. ಬ್ರೌಸರಿನ ಪಾಡೂ ಇದೇ. ಮೊದಲ ಕಡತವು ಬಂದ ಮೇಲೆಯೇ ಅದಕ್ಕೆ ಎರಡನೆಯದು ಬೇಕೆಂದು ಗೊತ್ತಾಗುವುದು. ಎರಡನೆಯದನ್ನು ಓದಿದ ಮೇಲೆ ಮೂರನೆಯದರ ಸುದ್ದಿ. ನನ್ನ ಕಡತಗಳ ಸರಪಳಿ ಐದು ಮೆಟ್ಟಿಲುಗಳಷ್ಟಿತ್ತು. ದುರ್ಬಲವಾದ ನೆಟ್‌ವರ್ಕಿನಲ್ಲಿ ಹೋಗಿಬರುವ ಒಂದು ಸುತ್ತಿಗೆ ಅರ್ಧ ಸೆಕೆಂಡು ಹಿಡಿದರೆ ಐದು ಸುತ್ತಿಗೆ ಎರಡೂವರೆ ಸೆಕೆಂಡು. ಅದಕ್ಕೆ ಮೊದಲು ಸರ್ವರಿನ ವಿಳಾಸವನ್ನು ಕೇಳಿ, ಕೈಕುಲುಕಿ, ಗುಟ್ಟಿನ ಭಾಷೆಯನ್ನು ಗೊತ್ತುಮಾಡಿಕೊಳ್ಳುವ ಸುತ್ತುಗಳು ಬೇರೆ. ಅಂಗಡಿಯ ತಂತಿಯ ಸಂಪರ್ಕದಲ್ಲಿ ಒಂದು ಸುತ್ತು ಕ್ಷಣದ ಅಲ್ಪ ಭಾಗವಾದುದರಿಂದ ಈ ದೋಷ ನನ್ನ ಕಣ್ಣಿಗೆ ಬೀಳಲಿಲ್ಲ.

ಹಿಂದೆ ಇದು ಇನ್ನೂ ಕಷ್ಟವಾಗಿತ್ತು. ಹಳೆಯ ಎಚ್.ಟಿ.ಟಿ.ಪಿ. ಪದ್ಧತಿಯಲ್ಲಿ ಬ್ರೌಸರುಗಳು ಒಂದು ತಾಣದೊಡನೆ ಏಕಕಾಲಕ್ಕೆ ಸಾಮಾನ್ಯವಾಗಿ ಆರು ದಾರಿಗಳನ್ನಷ್ಟೇ ತೆರೆಯುತ್ತಿದ್ದವು. ಏಳನೆಯ ಕಡತವು ಸರದಿಯಲ್ಲಿ ನಿಲ್ಲಬೇಕು. 2015ರಲ್ಲಿ ಬಂದ ಎಚ್.ಟಿ.ಟಿ.ಪಿ./2 ಒಂದೇ ದಾರಿಯಲ್ಲಿ ಅನೇಕ ಕಡತಗಳು ಒಟ್ಟಿಗೆ ಸಾಗುವಂತೆ ಮಾಡಿತು. ಅದೇ ವರ್ಷ ಜಾವಾಸ್ಕ್ರಿಪ್ಟ್ ಭಾಷೆಗೂ ಕೋಡನ್ನು ವಿಭಾಗಗಳಾಗಿ ಹಂಚುವ ಅಧಿಕೃತ ವ್ಯವಸ್ಥೆ ದೊರೆಯಿತು. 'ಇನ್ನು ಎಷ್ಟು ಕಡತಗಳಾದರೂ ಚಿಂತೆಯಿಲ್ಲ' ಎಂದು ಕೆಲವರು ಹಿಗ್ಗಿದರು. ಆದರೆ ದಾರಿ ಅಗಲವಾದ ಮಾತ್ರಕ್ಕೆ ಯಾವ ಕಾಗದ ಬೇಕೆಂದು ಮುಂಚಿತವಾಗಿ ತಿಳಿಯುವುದಿಲ್ಲ. ಹೆದ್ದಾರಿಯನ್ನು ನಾಲ್ಕು ಪಟ್ಟಿ ಮಾಡಿದರೂ, ಬೀದರಿಗೆ ಹೋಗಬೇಕೆಂದು ಹುಮನಾಬಾದಿಗೆ ಬಂದ ಮೇಲೆಯೇ ತಿಳಿಯುವವನಿಗೆ ಎರಡು ಬಸ್ಸು ತಪ್ಪುವುದಿಲ್ಲ.

ನನಗೆ ಆಗ ಇಷ್ಟೆಲ್ಲ ತಿಳಿದಿರಲಿಲ್ಲ. ಕಡತಗಳ ಸಂಖ್ಯೆಯೇ ಕಳ್ಳನೆಂದು ನಿಶ್ಚಯಿಸಿ, ಸಿಟ್ಟಿನಿಂದ ಎಲ್ಲವನ್ನೂ ಕೈಯಾರೆ ಒಡೆದು ಸಿದ್ಧ ಪುಟಗಳನ್ನಾಗಿ ಬರೆದುಬಿಟ್ಟೆ. ಲೆಕ್ಕ ಹಾಕಿ ತೋರಿಸುವ ಕೋಡೇ ಬೇಡ. ಕನ್ನಡದ ಪುಟ ಬೇರೆ, ಮರಾಠಿಯ ಪುಟ ಬೇರೆ, ಪಿ.ಯು.ಸಿ.ಯವರಿಗೆ ಒಂದು, ಪದವಿಯವರಿಗೆ ಒಂದು, ಹೀಗೆ ನಾಲ್ಕು. ಒಂದೊಂದರಲ್ಲಿಯೂ ಅದೇ ಕಾಗದಗಳ ಪಟ್ಟಿಯನ್ನು ಮತ್ತೆ ಮತ್ತೆ ಬರೆದೆ. ಪುಟವು ಬಸ್‌ಸ್ಟ್ಯಾಂಡಿನಲ್ಲಿಯೂ ಎರಡು ಸೆಕೆಂಡಿನೊಳಗೆ ತೆರೆಯಿತು. ಮಾಲಕರು ಬೆನ್ನು ತಟ್ಟಿದರು. ಆ ವರ್ಷ ಬಹಳ ಮಂದಿಗೆ ಉಪಯೋಗವಾಯಿತೆಂಬುದು ಸುಳ್ಳಲ್ಲ.

ಮರುವರ್ಷ ಒಂದು ಯೋಜನೆಯ ನಿಯಮ ಬದಲಾಯಿತು. ಹಣವು ಆಧಾರ್ ಜೋಡಿಸಿದ ಬ್ಯಾಂಕ್ ಖಾತೆಗೇ ಬರುವುದರಿಂದ, ಅರ್ಜಿ ಹಾಕುವ ಮುಂಚೆಯೇ ಆ ಜೋಡಣೆ ಆಗಿರಬೇಕೆಂದಾಯಿತು. ನಾನು ಪರೀಕ್ಷೆಯ ಗಡಿಬಿಡಿಯಲ್ಲಿ ಕುಳಿತು ಪಟ್ಟಿಯನ್ನು ತಿದ್ದಿದೆ. ಮೂರು ಪುಟಗಳಲ್ಲಿ ತಿದ್ದಿದೆ. ಪದವಿ ವಿದ್ಯಾರ್ಥಿಗಳ ಮರಾಠಿ ಪುಟದಲ್ಲಿ ತಿದ್ದಲು ಮರೆತೆ.

ಕಡೆಯ ದಿನಕ್ಕೆ ಒಂದೇ ದಿನ ಉಳಿದಿರುವಾಗ, ಬಸವಕಲ್ಯಾಣ ತಾಲೂಕಿನ ಗಡಿಯ ಕಡೆಯ ಹಳ್ಳಿಯಿಂದ ಒಬ್ಬ ಹುಡುಗಿ ತಂದೆಯೊಡನೆ ಅಂಗಡಿಗೆ ಬಂದಳು. ಪಟ್ಟಿಯಲ್ಲಿದ್ದ ಎಲ್ಲ ಕಾಗದಗಳನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಕ್ರಮವಾಗಿ ಜೋಡಿಸಿ ತಂದಿದ್ದಳು. ಅರ್ಜಿ ಮುಂದಕ್ಕೆ ಹೋಗಲಿಲ್ಲ. ಖಾತೆಗೆ ಆಧಾರ್ ಜೋಡಣೆಯಾಗಿರಲಿಲ್ಲ. ಮರುದಿನ ಬ್ಯಾಂಕಿಗೆ ರಜೆ. ಅವಳು ತನ್ನ ಫೋನನ್ನು ನನ್ನ ಮುಂದೆ ಹಿಡಿದು, 'ಅಣ್ಣಾ, ನಿಮ್ಮ ಪೇಜಿನಾಗ ಇದು ಬರ್ದಿಲ್ಲಲ್ಲಾ?' ಎಂದು ಕೇಳಿದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಬರೆದಿರಲಿಲ್ಲ, ಹೌದು. ಅವಳ ತಂದೆ 'ಹೋಗ್ಲಿ ಬಿಡ್ರಿ, ಮುಂದಿನ ವರ್ಷ ನೋಡಿದ್ರಾಯ್ತು' ಎಂದು ಚೀಲವನ್ನು ಮಡಿಚಿಕೊಂಡರು. ಆ ಸಲ ನಾನು 'ಸರ್ವರ್ ಇಲ್ಲ' ಎಂದು ಹೇಳಿ ಪಾರಾಗುವಂತಿರಲಿಲ್ಲ.

ನನ್ನ ಸೋದರಮಾವನ ಮಗ ಹೈದರಾಬಾದಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ವೀರಭದ್ರೇಶ್ವರ ಜಾತ್ರೆಗೆ ಊರಿಗೆ ಬಂದಾಗ ಅವನ ಮುಂದೆ ಈ ಕಥೆಯನ್ನೆಲ್ಲ ಹೇಳಿಕೊಂಡೆ. 'ಲೇ, ಮೊದಲು ಅಳಿ, ಆಮ್ಯಾಲ ಬೈ' ಎಂದ. ಬ್ರೌಸರಿನಲ್ಲಿಯೇ ಒಂದು ಪಟ್ಟಿ ತೆರೆಯುವುದುಂಟು. ಯಾವ ಕಡತ ಯಾವಾಗ ಹೊರಟಿತು, ಯಾವಾಗ ತಲುಪಿತು, ಓದಿ ನಡೆಸಲು ಫೋನಿಗೆ ಎಷ್ಟು ಹೊತ್ತು ಹಿಡಿಯಿತು ಎಂಬುದನ್ನೆಲ್ಲ ಅದು ಗೆರೆಗಳಲ್ಲಿ ತೋರಿಸುತ್ತದೆ. ನನ್ನ ಮೊದಲಿನ 23 ಕಡತಗಳ ಪುಟವನ್ನು ಹಾಗೆ ಅಳೆದು ನೋಡಿದೆವು. ಹನ್ನೆರಡು ಸೆಕೆಂಡಿನಲ್ಲಿ ಕಡತಗಳ ಸರಪಳಿಯ ಪಾಲು ಸುಮಾರು ಮೂರು ಮಾತ್ರ. ಉಳಿದುದು ಎಲ್ಲಿ ಹೋಯಿತು? ಕಡೆಯ ದಿನಾಂಕವನ್ನು ಚೆಂದವಾಗಿ ಬರೆಯಲೆಂದು ನಾನು ಬೇರೊಬ್ಬರ ಸಿದ್ಧ ಕೋಡನ್ನು ತಂದಿದ್ದೆ. ಅದು ಪ್ರಪಂಚದ ಎಷ್ಟೋ ಭಾಷೆಗಳ ತಿಂಗಳ ಹೆಸರುಗಳನ್ನು ಹೊತ್ತುಕೊಂಡು ಬರುತ್ತಿತ್ತು. ನನಗೆ ಬೇಕಾದುದು ಎರಡು ಭಾಷೆ. ಮೇಲಾಗಿ ಕನ್ನಡಕ್ಕೂ ದೇವನಾಗರಿಗೂ ಅಲಂಕಾರದ ಅಕ್ಷರರೂಪಗಳನ್ನು ಇಳಿಸುತ್ತಿದ್ದೆ. ಫೋನಿನಲ್ಲಿಯೇ ಆ ಲಿಪಿಗಳು ಇರುವಾಗ! ಕಳ್ಳನನ್ನು ಬಿಟ್ಟು ಸಾಧುವನ್ನು ಹಿಡಿದಂತಾಗಿತ್ತು. ಅಚ್ಚುಕಟ್ಟಾಗಿದ್ದ ಕೋಡನ್ನು ಒಡೆದು ನಾನು ಗಳಿಸಿದುದು ಅಲ್ಪ. ಕಳೆದುದು ಆ ಹುಡುಗಿಯ ಒಂದು ವರ್ಷದ ವಿದ್ಯಾರ್ಥಿವೇತನ.

ಅಮೆರಿಕದ ಗಣಕಶಾಸ್ತ್ರಜ್ಞ ಡೊನಾಲ್ಡ್ ಕ್ನೂತ್ 1974ರಲ್ಲಿ ಬರೆದ ಒಂದು ಲೇಖನದ ಮಾತನ್ನು ಈ ಕಸುಬಿನವರು ಗಾದೆಯಂತೆ ಉಪಯೋಗಿಸುತ್ತಾರೆಂದು ಅವನು ಹೇಳಿದ. ಅಕಾಲದಲ್ಲಿ ವೇಗದ ಹಿಂದೆ ಬೀಳುವುದು ಅನರ್ಥಗಳ ಮೂಲವೆಂಬುದು ಅದರ ತಾತ್ಪರ್ಯ. ಆದರೆ ಕ್ನೂತ್ ಅಷ್ಟಕ್ಕೆ ನಿಲ್ಲಿಸಲಿಲ್ಲ. ನೂರರಲ್ಲಿ 97 ಪಾಲು ಸಣ್ಣಪುಟ್ಟ ಉಳಿತಾಯಗಳನ್ನು ಮರೆಯಬಹುದು. ನಿರ್ಣಾಯಕವಾದ 3 ಪಾಲಿನಲ್ಲಿ ಮಾತ್ರ ಅವಕಾಶವನ್ನು ಬಿಡಬಾರದು ಎಂಬುದು ಅವರ ಪೂರ್ಣ ಅಭಿಪ್ರಾಯ. ಸೋಮಾರಿಗಳು ಮೊದಲರ್ಧವನ್ನು ಮಾತ್ರ ಉರುಹೊಡೆದಿದ್ದಾರೆಂದು ನನಗೆ ತೋರುತ್ತದೆ. ಆ ಮೂರು ಪಾಲು ಯಾವುದೆಂದು ಅಳೆಯದೆ ತಿಳಿಯುವುದಿಲ್ಲ. ಅಳೆಯಬೇಕಾದುದು ಕಚೇರಿಯ ತಂತಿಯ ಮೇಲಲ್ಲ, ಬಸ್‌ಸ್ಟ್ಯಾಂಡಿನ ಹಳೆಯ ಫೋನಿನ ಮೇಲೆ.

ಇನ್ನೊಬ್ಬರ ಹೆಸರನ್ನೂ ಅವನಿಂದಲೇ ತಿಳಿದೆ. 1972ರಲ್ಲಿ ಡೇವಿಡ್ ಪಾರ್ನಾಸ್ ಎಂಬವರು ಪ್ರೋಗ್ರಾಮನ್ನು ಭಾಗಗಳಾಗಿ ಒಡೆಯುವ ಮಾನದಂಡ ಯಾವುದಿರಬೇಕೆಂದು ವಿಚಾರಿಸಿ ಒಂದು ಪ್ರಬಂಧ ಬರೆದರು. ಕಲಾ ವಿದ್ಯಾರ್ಥಿಗಳಿಗೆ ಸಂತೋಷವಾಗುವ ಸಂಗತಿಯೆಂದರೆ, ಅವರು ಆರಿಸಿಕೊಂಡ ಉದಾಹರಣೆ ಗ್ರಂಥಾಲಯದ ಶಬ್ದಸೂಚಿಯಂಥದು: ಒಂದು ಶೀರ್ಷಿಕೆಯ ಪ್ರತಿಯೊಂದು ಶಬ್ದವನ್ನೂ ಸರದಿಯಂತೆ ಮೊದಲಿಗೆ ತಂದು ಅಕಾರಾದಿಯಾಗಿ ಜೋಡಿಸುವ ಕೆಲಸ. ಕೆಲಸ ನಡೆಯುವ ಹಂತಗಳ ಪ್ರಕಾರ ಒಡೆಯುವುದಕ್ಕಿಂತ, ಮುಂದೆ ಬದಲಾಗಬಹುದಾದ ಒಂದೊಂದು ನಿರ್ಧಾರವನ್ನು ಒಂದೊಂದು ಭಾಗದೊಳಗೆ ಮುಚ್ಚಿಡುವುದು ಲೇಸೆಂದು ಅವರು ತೋರಿಸಿದರು. ಬದಲಾವಣೆ ಬಂದಾಗ ಒಂದೇ ಕಡೆ ತಿದ್ದಿದರೆ ಸಾಕು. ಆದರೆ ಹೀಗೆ ಒಡೆದರೆ ಒಂದು ಭಾಗವು ಇನ್ನೊಂದನ್ನು ಪದೇ ಪದೇ ಕರೆಯಬೇಕಾಗಿ ವೇಗ ಕುಗ್ಗಬಹುದೆಂಬುದನ್ನೂ ಅವರೇ ಒಪ್ಪಿಕೊಂಡರು. ಅದಕ್ಕೆ ಅವರು ಸೂಚಿಸಿದ ಪರಿಹಾರವೆಂದರೆ, ಮನುಷ್ಯನು ಬರೆಯುವಾಗ ಭಾಗಭಾಗವಾಗಿಯೇ ಬರೆಯಲಿ. ಯಂತ್ರಕ್ಕೆ ಕೊಡುವ ಮುಂಚೆ ಇನ್ನೊಂದು ಉಪಕರಣವು ಅವನ್ನು ಕೂಡಿಸಿ ಬೇರೆಯದೇ ರೂಪ ಕೊಡಲಿ ಎಂಬುದು. ಜಾಲತಾಣಗಳು ಹುಟ್ಟುವುದಕ್ಕೆ ಎಷ್ಟೋ ಮುಂಚೆ ಆಡಿದ ಮಾತಿದು! ಬರೆಯುವ ರೂಪವೂ ಕಳುಹಿಸುವ ರೂಪವೂ ಒಂದೇ ಆಗಿರಬೇಕೆಂಬ ನಿಯಮವಿಲ್ಲ ಎಂಬ ಅರಿವು ನನಗೆ ಮೊದಲೇ ಇದ್ದಿದ್ದರೆ ಎರಡು ವರ್ಷದ ಪೆಟ್ಟು ತಪ್ಪುತ್ತಿತ್ತು.

ಮೂರನೆಯ ಸಲ ಹಾಗೆಯೇ ಮಾಡಿದೆ. ಯೋಜನೆಗಳ ಪಟ್ಟಿ ಒಂದೇ ಕಡೆ ಇದೆ. ನಾಲ್ಕು ಪುಟಗಳನ್ನೂ ಆ ಒಂದೇ ಪಟ್ಟಿಯಿಂದ ಉಪಕರಣವು ಸಿದ್ಧಪಡಿಸುತ್ತದೆ. ಮರಾಠಿಯ ಪುಟ ತೆರೆದವನಿಗೆ ಕನ್ನಡದ ಭಾರವಿಲ್ಲ. ಬದಲಾಗುವ ಭಾಗ ಬೇರೆ, ಅಪರೂಪಕ್ಕೆ ಬದಲಾಗುವ ಭಾಗ ಬೇರೆ ಇರುವುದರಿಂದ ಎರಡನೆಯ ಸಲ ಬಂದವನ ಫೋನು ಹಳೆಯದನ್ನು ತನ್ನಲ್ಲಿಯೇ ಇಟ್ಟುಕೊಂಡು ಹೊಸದನ್ನು ಮಾತ್ರ ತರಿಸಿಕೊಳ್ಳುತ್ತದೆ. ಎಲ್ಲವನ್ನೂ ಒಂದೇ ದೊಡ್ಡ ಗಂಟಾಗಿ ಕಟ್ಟಿದ್ದರೆ ಒಂದು ದಿನಾಂಕ ತಿದ್ದಿದಾಗಲೂ ಗಂಟೆಲ್ಲವನ್ನೂ ಮತ್ತೆ ಇಳಿಸಬೇಕಾಗುತ್ತಿತ್ತು.

ಹಾಗೆಂದು ಉಪಕರಣವು ಕಾಮಧೇನುವೇನಲ್ಲ. ಮಾಲಕರ ಅಳಿಯನೊಬ್ಬನು ನಾನಿಲ್ಲದಾಗ ಒಂದು ಅಕ್ಷರದೋಷ ಕಂಡು, ಉಪಕರಣವು ಕಟ್ಟಿದ ಪುಟದಲ್ಲಿಯೇ ತಿದ್ದಿಟ್ಟ. ಮರುವಾರ ನಾನು ಮತ್ತೆ ಕಟ್ಟಿದಾಗ ಅವನ ತಿದ್ದುಪಡಿ ಮಾಯವಾಯಿತು. ಅವನಿಗೆ ನನ್ನ ಮೇಲೆ ಮುನಿಸು. ಈಗ ಪುಟದ ನೆತ್ತಿಯ ಮೇಲೆ 'ಇಲ್ಲಿ ತಿದ್ದಬೇಡಿ, ಮೂಲದಲ್ಲಿ ತಿದ್ದಿ' ಎಂದು ಬರೆದಿದ್ದೇನೆ. ಅಂಗಡಿಯಲ್ಲಿ ಮೂಲವೆಂದರೇನೆಂದು ತಿಳಿದವನು ನಾನೊಬ್ಬನೇ ಎಂಬುದು ಬೇರೆ ಮಾತು.

ನನ್ನದು ನಾಲ್ಕು ಪುಟಗಳ ಕೂಸು. ನೂರಾರು ಮಂದಿ ಕೂಡಿ ಬರೆಯುವ, ಕೋಟಿಗಟ್ಟಲೆ ಜನ ಉಪಯೋಗಿಸುವ ದೊಡ್ಡ ತಾಣಗಳ ವಿಚಾರದಲ್ಲಿ ಬಾಯಿ ಹಾಕಲು ನನಗೇನು ಅಧಿಕಾರ ಎಂದು ಕೇಳಬಹುದು. ಅಧಿಕಾರವಿಲ್ಲ, ಆದರೆ ಅವುಗಳ ಮುಂದೆ ಕುಳಿತು ಜನರ ಬೈಗಳನ್ನು ತಿನ್ನುವವನ ಅನುಭವ ಉಂಟು. ಮೆಲ್ವಿನ್ ಕಾನ್ವೇ ಎಂಬವರು 1968ರಲ್ಲಿ ಒಂದು ಮಾತು ಬರೆದರು: ಒಂದು ಸಂಸ್ಥೆಯು ಕಟ್ಟುವ ವ್ಯವಸ್ಥೆಯ ಆಕಾರವು ಆ ಸಂಸ್ಥೆಯಲ್ಲಿ ಯಾರು ಯಾರೊಡನೆ ಮಾತಾಡುತ್ತಾರೆಂಬುದರ ನಕಲಾಗಿರುತ್ತದೆ. ಒಂದು ತಂಡ ವಿಳಾಸದ ಭಾಗವನ್ನು ಬರೆಯುತ್ತದೆ, ಇನ್ನೊಂದು ಬ್ಯಾಂಕಿನ ಭಾಗವನ್ನು, ಮತ್ತೊಂದು ಫೋಟೊದ ಭಾಗವನ್ನು. ಒಂದೊಂದು ತಂಡವೂ ತನಗೆ ಬೇಕಾದ ಸಿದ್ಧ ಕೋಡನ್ನು ತಾನೇ ತರುತ್ತದೆ; ಒಂದೇ ಸಾಮಾನು ಮೂರು ಸಲ ಫೋನಿಗೆ ಇಳಿದರೂ ಆಶ್ಚರ್ಯವಿಲ್ಲ. ಒಳಗಿನಿಂದ ನೋಡಿದವರಿಗೆ ಅದು ಸುವ್ಯವಸ್ಥೆ. ಹೊರಗೆ ನಿಂತವನು ಮೂರು ಇಲಾಖೆಗಳ ಮೆಟ್ಟಿಲನ್ನು ಹತ್ತುತ್ತಾನೆ, ಕಂಪ್ಯೂಟರಿನೊಳಗೆ ಎಂಬಷ್ಟೇ ವ್ಯತ್ಯಾಸ.

ಆದುದರಿಂದ ನನ್ನ ಅಭಿಪ್ರಾಯವನ್ನು ಇಲ್ಲಿ ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ಕೋಡನ್ನು ಒಡೆಯುವಾಗ ನಿಯಮಗಳು ಎಲ್ಲಿ ಬದಲಾಗುತ್ತವೆಯೋ ಅಲ್ಲಿ ಒಡೆಯಬೇಕು. ಕಳುಹಿಸುವಾಗ ಜನರು ಎಲ್ಲಿ ನಡೆಯುತ್ತಾರೆಯೋ ಆ ದಾರಿಯಂತೆ ಕಟ್ಟಬೇಕು. ಇವೆರಡೂ ಬೇರೆ ಬೇರೆ ಹಂಚಿಕೆಗಳು. ಒಂದನ್ನು ಇನ್ನೊಂದರ ಮೇಲೆ ಹೇರಿದಾಗಲೇ ಜಗಳ ಹುಟ್ಟುವುದು.

ನಮ್ಮ ರಾಜ್ಯದ 'ಭೂಮಿ'ಯನ್ನೇ ನೋಡಿ. 2000ದಲ್ಲಿ ಆರಂಭವಾದ ಈ ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳನ್ನು ಗ್ರಾಮಲೆಕ್ಕಿಗರ ಕೈಬರಹದಿಂದ ಕಂಪ್ಯೂಟರಿಗೆ ತಂದರು. ತಾಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟು ಮುದ್ರಿತ ಪಹಣಿ ಪಡೆಯುವುದು ಅಂದಿನ ದೊಡ್ಡ ಸೋಜಿಗ. ಅಷ್ಟು ದೊಡ್ಡ ರಾಶಿಯಲ್ಲಿ ಒಂದು ಹೊಲವನ್ನು ಹುಡುಕುವ ದಾರಿ ಯಾವುದು? ಜಿಲ್ಲೆ, ತಾಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರು, ಹಿಸ್ಸಾ. ಯಾವ ಸಾಫ್ಟ್‌ವೇರ್ ಪಂಡಿತನೂ ಕಂಡುಹಿಡಿದುದಲ್ಲ ಇದು; ಕಂದಾಯದ ಹಳೆಯ ದಫ್ತರಗಳಿಂದ ಬಂದುದು. ಇಲ್ಲಿ ದಾಖಲೆಯ ವಿಂಗಡಣೆಯೂ ರೈತನು ತನ್ನ ಹೊಲವನ್ನು ಗುರುತಿಸುವ ಕ್ರಮವೂ ಒಂದಕ್ಕೊಂದು ಹೊಂದಿಕೊಂಡಿವೆ. ರಾಜ್ಯದ ಎಲ್ಲ ಗ್ರಾಮಗಳ ಹೆಸರನ್ನು ಒಬ್ಬ ರೈತನ ಫೋನಿಗೆ ಸುರಿಯುವ ಅಗತ್ಯವೇ ಇಲ್ಲ.

ಆದರೆ ಇಂಥ ಮೆಟ್ಟಿಲು ಪದ್ಧತಿಯಲ್ಲಿಯೂ ಒಂದು ಎಚ್ಚರ ಬೇಕು. ಒಂದೊಂದು ಮೆಟ್ಟಿಲಿಗೂ ಪುಟವೆಲ್ಲ ಸರ್ವರಿಗೆ ಹೋಗಿ ಬರುವುದಾದರೆ ಆರು ಮೆಟ್ಟಿಲಿಗೆ ಆರು ಯಾತ್ರೆ. ಒಂದು ತಾಲೂಕಿನಲ್ಲಿ ನೂರು ಗ್ರಾಮಗಳಿವೆಯೆಂದು ಹಿಡಿಯೋಣ. ಒಂದು ಹೆಸರಿಗೆ 30 ಬೈಟ್ ಲೆಕ್ಕ ಹಾಕಿದರೂ ಒಟ್ಟು 3,000 ಬೈಟ್. ಒಂದು ಸಣ್ಣ ಚಿತ್ರಕ್ಕಿಂತಲೂ ಕಡಿಮೆ. ತಾಲೂಕನ್ನು ಆರಿಸಿದೊಡನೆ ಅದರ ಹೋಬಳಿ, ಗ್ರಾಮಗಳೆಲ್ಲವನ್ನೂ ಒಂದೇ ಸುತ್ತಿನಲ್ಲಿ ತಂದುಬಿಟ್ಟರೆ ಅಷ್ಟು ಯಾತ್ರೆ ಉಳಿಯುತ್ತದೆ. ಎಷ್ಟು ಒಡೆಯಬೇಕು, ಎಷ್ಟು ಕೂಡಿಸಬೇಕು ಎಂಬುದು ಇಂಥ ಮನೆವಾರ್ತೆಯ ಲೆಕ್ಕವೇ ಹೊರತು ಸಿದ್ಧಾಂತದ ಜಗಳವಲ್ಲ.

ಬೈಟಿನ ಮಾತು ಬಂದುದರಿಂದ ಒಂದು ಉಪಕಥೆ. ಈಗ ಬಳಕೆಯಲ್ಲಿರುವ ಯುಟಿಎಫ್-8 ಎಂಬ ಲಿಪಿಸಂಕೇತದಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್. ಕನ್ನಡದ ಒಂದೊಂದು ಅಕ್ಷರ, ಒಂದೊಂದು ಗುಣಿತಚಿಹ್ನೆಗೆ ಮೂರು. 'ಹುಮನಾಬಾದ' ಎಂದು ಕನ್ನಡದಲ್ಲಿ ಬರೆದರೆ ಎಂಟು ಸಂಕೇತ, 24 ಬೈಟ್; ಇಂಗ್ಲಿಷಿನಲ್ಲಿ ಎಂಟು ಅಕ್ಷರ, 8 ಬೈಟ್. ಇದನ್ನು ಹಿಡಿದುಕೊಂಡು 'ಕನ್ನಡದಿಂದಲೇ ತಾಣಗಳು ನಿಧಾನ' ಎನ್ನುವವರನ್ನು ನಾನು ಕಂಡಿದ್ದೇನೆ. ಅದು ಶುದ್ಧ ಆಲಸ್ಯದ ಮಾತು. ಕಳುಹಿಸುವಾಗ ಪಠ್ಯವನ್ನು ಒತ್ತಿ ಸಣ್ಣದು ಮಾಡುವುದರಿಂದ ಆ ವ್ಯತ್ಯಾಸ ಬಹಳಮಟ್ಟಿಗೆ ಕರಗುತ್ತದೆ; ಉಳಿದ ಭಾರವು ಯಾರೂ ನೋಡದ ಜಾರುವ ಚಿತ್ರಗಳ ಮುಂದೆ ಲೆಕ್ಕಕ್ಕೇ ಇಲ್ಲ.

ಕನ್ನಡ ವಿಕಿಪೀಡಿಯ 2003ರಿಂದ ಇದೆ. ಅದರ ಹಿಂದಿರುವ ಮೀಡಿಯಾವಿಕಿ ತಂತ್ರಾಂಶಕ್ಕೆ 2011ರಲ್ಲಿ ರಿಸೋರ್ಸ್‌ಲೋಡರ್ ಎಂಬ ವ್ಯವಸ್ಥೆ ಸೇರಿತು. ಬರೆಯುವವರು ವಿಭಾಗ ವಿಭಾಗವಾಗಿ ಬರೆದು, ಯಾವುದಕ್ಕೆ ಯಾವುದು ಬೇಕೆಂದು ನಮೂದಿಸುತ್ತಾರೆ; ಸರ್ವರು ಆ ಪುಟಕ್ಕೆ ಬೇಕಾದುದನ್ನಷ್ಟೇ ಕೂಡಿಸಿ, ಕುಗ್ಗಿಸಿ ಕಳುಹಿಸುತ್ತದೆ. ಕನ್ನಡ ಟೈಪು ಮಾಡುವ ಕೀಲಿಮಣೆಯ ನಿಯಮಗಳೂ ಹಾಗೆಯೇ; ಬೇಕೆಂದು ಆರಿಸಿದವನಿಗೆ ಮಾತ್ರ ಇಳಿಯುತ್ತವೆ. ದೊಡ್ಡ ತಾಣಗಳಲ್ಲಿ ಎರಡೂ ಗುಣಗಳು ಕೂಡಿ ಬಾಳಲಾರವೆಂದು ವಾದಿಸುವವರಿಗೆ ಇದಕ್ಕಿಂತ ಬೇರೆ ಉತ್ತರ ಬೇಡ. ವಿರುದ್ಧ ಉದಾಹರಣೆಯೂ ಉಂಟು. ಜಿಮೇಲಿಗೆ ಬಹಳ ವರ್ಷಗಳಿಂದ ಒಂದು ಸರಳ ಪುಟವಿತ್ತು. ದುರ್ಬಲ ಸಂಪರ್ಕವಿದ್ದವರಿಗೆ ಅದೇ ಗತಿ. 2024ರ ಆರಂಭದಲ್ಲಿ ಅದನ್ನು ನಿಲ್ಲಿಸಿದರು. ಒಂದೇ ಕೆಲಸಕ್ಕೆ ಎರಡು ಪುಟಗಳನ್ನು ಸಾಕುವುದು ಕಷ್ಟವೆಂಬುದನ್ನು ನಾಲ್ಕು ಪುಟ ಸಾಕಿ ಸೋತ ನಾನು ಬಲ್ಲೆ. ಆದರೂ ಅಂಥ ನಿರ್ಧಾರಗಳಲ್ಲಿ ಮೊದಲು ಹೊರಬೀಳುವವನು ಯಾವಾಗಲೂ ಹಳೆಯ ಫೋನಿನವನೇ.

'ಫೋನುಗಳು ವೇಗವಾಗುತ್ತಿವೆ, ನೆಟ್‌ವರ್ಕು ಸುಧಾರಿಸುತ್ತಿದೆ; ಪ್ರೋಗ್ರಾಮರನ ಸಂಬಳವೇ ದುಬಾರಿ, ಅವನ ಸಮಯ ಉಳಿಯಲಿ' ಎಂಬುದು ನನ್ನ ಮಾವನ ಮಗನ ವಾದ. ಈ ವಾದದಲ್ಲಿ ಸತ್ಯವಿಲ್ಲದಿಲ್ಲ. ಅಸ್ತವ್ಯಸ್ತವಾದ ಕೋಡನ್ನು ತಿದ್ದಲು ಹೋಗಿ ನಿಯಮ ತಪ್ಪಿದರೆ ಕಡೆಗೆ ಪೆಟ್ಟು ಬೀಳುವುದು ಬಡವನಿಗೇ ಎಂದು ನಾನೇ ಒಪ್ಪಿಕೊಂಡಿದ್ದೇನೆ. ಆದರೆ ಅವನ ಲೆಕ್ಕದಲ್ಲಿ ಒಂದು ಅಂಕಣ ಬಿಟ್ಟುಹೋಗಿದೆ. ಪ್ರೋಗ್ರಾಮರನು ಉಳಿಸಿದ ಒಂದು ದಿನಕ್ಕೆ ಬದಲಾಗಿ ಕೂಲಿ ಬಿಟ್ಟು ಬಂದವರ ಎಷ್ಟು ದಿನಗಳು ಅಂಗಡಿಯ ಬೆಂಚಿನ ಮೇಲೆ ಕಳೆದವೆಂದು ಯಾರ ವಹಿಯಲ್ಲಿಯೂ ಬರೆದಿರುವುದಿಲ್ಲ.

ಕಲ್ಯಾಣದ ವಿಷಯವನ್ನು ಪೂರ್ತಿ ಬಿಟ್ಟರೆ ಗುರುಗಳು ಬೇಸರಿಸಿಯಾರು. ಇದೇ ಊರಿನಿಂದ ಆಳಿದ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ನೂರು ಅಧ್ಯಾಯಗಳು. ಇಪ್ಪತ್ತಿಪ್ಪತ್ತರ ಐದು ವಿಂಶತಿಗಳು. ಆನೆಯೂ ಉಂಟು, ಅಡಿಗೆಯೂ ಉಂಟು, ಸಂಗೀತವೂ ಉಂಟು. ವಿಂಗಡಣೆಯಲ್ಲಿ ಆ ಅರಸನನ್ನು ಮೀರಿಸಿದ ಪ್ರೋಗ್ರಾಮರನು ಇನ್ನೂ ಹುಟ್ಟಬೇಕು. ಆದರೆ ಅಡಿಗೆಯವನು ಬಂದು ಒಂದು ಪಾಕವನ್ನು ಕೇಳಿದಾಗ ಆನೆ ಹಿಡಿಯುವ ಅಧ್ಯಾಯವನ್ನೂ ಅವನ ತಲೆಯ ಮೇಲೆ ಹೊರಿಸಿರಲಾರರು. ಅರಸನ ತಂದೆ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ಬರೆದ ಧರ್ಮಶಾಸ್ತ್ರದ ವ್ಯಾಖ್ಯಾನಕ್ಕೆ 'ಮಿತಾಕ್ಷರಾ' ಎಂದು ಹೆಸರು. ಆ ಹೆಸರನ್ನು ನಮ್ಮ ಪಾಠದಲ್ಲಿ ಕೇಳಿದಾಗಲೆಲ್ಲ ನನಗೆ ನನ್ನ ದಿನಾಂಕದ ಸಿದ್ಧ ಕೋಡು ನೆನಪಾಗಿ ನಾಚಿಕೆಯಾಗುತ್ತದೆ.

ಆ ಹುಡುಗಿ ಈ ವರ್ಷ ಮತ್ತೆ ಬಂದಿದ್ದಳು. ಆಧಾರ್ ಜೋಡಣೆ ಆಗಿತ್ತು, ಅರ್ಜಿ ಹೋಯಿತು. ಹೊರಡುವಾಗ, ತಮ್ಮೂರಿನಲ್ಲಿ ಉರ್ದು ಓದುವ ಗೆಳತಿಯರಿದ್ದಾರೆ, ಅವರಿಗೂ ಒಂದು ಪುಟ ಮಾಡಬಾರದೇ ಎಂದು ಕೇಳಿದಳು. ಹಿಂದಿನಂತಿದ್ದರೆ ಐದನೆಯ, ಆರನೆಯ ಪಟ್ಟಿಗಳನ್ನು ಕೈಯಾರೆ ಬರೆದು ಇನ್ನೆರಡು ಕಡೆ ಮರೆಯುವ ದಾರಿ ಮಾಡಿಕೊಳ್ಳುತ್ತಿದ್ದೆ. ಈಗ ಪದಗಳ ಒಂದು ಪಟ್ಟಿ ಸಿಕ್ಕರೆ ಸಾಕು. ನನಗೆ ಉರ್ದು ಓದಲು ಬಾರದು. ಬಲದಿಂದ ಎಡಕ್ಕೆ ಬರೆಯುವ ಲಿಪಿಗೆ ಪುಟದ ಜೋಡಣೆಯನ್ನೂ ತಿರುಗಿಸಬೇಕಾಗುತ್ತದೆ. ನಮ್ಮ ಕಾಲೇಜಿನಲ್ಲಿ ಉರ್ದು ಬಲ್ಲ ಸಹಪಾಠಿಗಳು ಯಾರಾದರೂ ನಲವತ್ತು ಪದಗಳನ್ನು ಬರೆದುಕೊಡುವುದಾದರೆ, ಶನಿವಾರ ಮಧ್ಯಾಹ್ನದ ಹುಮನಾಬಾದ ಬಸ್ಸಿಗೆ ಕಾಯುವಾಗ ನಾನು ಸ್ಟ್ಯಾಂಡಿನಲ್ಲಿಯೇ ಸಿಗುತ್ತೇನೆ. ತಮ್ಮ ಹಳೆಯ ಫೋನನ್ನೂ ತಂದರೆ ಒಳ್ಳೆಯದು, ಅಳೆದು ನೋಡಬೇಕಾಗಿದೆ.